ಕಾರು ಮಿಸ್ಸಿಂಗ್ ಹೊಡೀತಿದೆಯಾ? ದುಡ್ಡು ಸುರಿಯೋ ಮೊದಲು ಇಗ್ನಿಷನ್ ಕಾಯಿಲ್ ನೋಡಿ

ಬಸವನಗುಡಿ: ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗುವಾಗ ಖಾಲಿ ವ್ಯಾನು ಸಲೀಸಾಗಿ ಓಡಿರುತ್ತೆ. ತರಕಾರಿ ಮೂಟೆ ಹೇರಿಕೊಂಡು ವಾಪಸ್ ಬರುವಾಗ ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಅದೇ ವ್ಯಾನು ಗಡಗಡ ನಡುಗುತ್ತೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎಳೆಯಲ್ಲ. ಹಿಂದಿನವರು ಹಾರ್ನ್ ಬಾರಿಸ್ತಾರೆ. ಮೀಟರ್ ಬೋರ್ಡಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಒಂದು ಸಲ ಮಿನುಗಿ ಸುಮ್ಮನಾಗುತ್ತೆ. ಅಂಗಡಿ ಮುಂದೆ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಓಡುತ್ತೆ.

ಇದಕ್ಕೆ ನಮ್ಮ ಕಡೆ ಗ್ಯಾರೇಜ್ ಭಾಷೆಯಲ್ಲಿ 'ಗಾಡಿ ಮಿಸ್ಸಿಂಗ್ ಹೊಡೀತಿದೆ' ಅಂತಾರೆ. ನಾಲ್ಕು ಸಿಲಿಂಡರಿನಲ್ಲಿ ಒಂದರ ಪೆಟ್ರೋಲ್ ಉರಿಯುತ್ತಿಲ್ಲ ಅಂತ ಅರ್ಥ. ಕಾರಣ ಹತ್ತಾರು ಇರಬಹುದು. ಅವುಗಳಲ್ಲಿ ತುಂಬ ಸಾಮಾನ್ಯವಾದದ್ದು, ಸುಲಭವಾಗಿ ಪತ್ತೆಯಾಗುವಂಥದ್ದು, ಆದರೂ ಎಷ್ಟೋ ಕಡೆ ಕೊನೆಗೆ ನೋಡುವಂಥದ್ದು ಇಗ್ನಿಷನ್ ಕಾಯಿಲ್.

ನಮ್ಮ ಮನೆಯ ಹತ್ತು ವರ್ಷದ ಪೆಟ್ರೋಲ್ ಕಾರಿಗೂ ಇದೇ ಆಯ್ತು. ಮೊದಲು ಪೆಟ್ರೋಲಿನಲ್ಲಿ ಕಲಬೆರಕೆ ಅಂದರು. ಆಮೇಲೆ ಇಂಜೆಕ್ಟರ್ ಕ್ಲೀನಿಂಗ್ ಆಯ್ತು, ಆಮೇಲೆ ಪೆಟ್ರೋಲ್ ಪಂಪ್ ಬದಲಾಯ್ತು. ಮೂರು ಬಿಲ್ಲು ಕಟ್ಟಿದ ಮೇಲೂ ಮಲ್ಲೇಶ್ವರಂನ ಮದುವೆ ಮನೆಗೆ ಹೊರಟಾಗ ಕಾರು ಫ್ಲೈಓವರ್ ಮೇಲೆ ಮುಗ್ಗರಿಸಿತು. ಹಿಂದಿನ ಸೀಟಿನಲ್ಲಿ ಎಂಬತ್ತು ದಾಟಿದ ಅತ್ತೆ, ಬಲಗಡೆ ಬಿಎಂಟಿಸಿ ಬಸ್ಸು, ಎಡಗಡೆ ತಡೆಗೋಡೆ. ಆವತ್ತು ಆದ ಗಾಬರಿ ಇನ್ನೂ ಮರೆತಿಲ್ಲ. ಕೊನೆಗೆ ಬೇರೊಬ್ಬ ಮೆಕ್ಯಾನಿಕ್ ಒಂದು ಹತ್ತನೇ ನಂಬರ್ ಸ್ಪ್ಯಾನರ್ ಹಿಡಿದು, ಎರಡು ಕಾಯಿಲ್ ಅದಲು-ಬದಲು ಮಾಡಿ, ಅರ್ಧ ಗಂಟೆಯಲ್ಲಿ ತಪ್ಪು ಎಲ್ಲಿದೆ ಅಂತ ತೋರಿಸಿಕೊಟ್ಟರು. ಆ ಅರ್ಧ ಗಂಟೆಯ ಕೆಲಸ ಏನು ಅನ್ನೋದೇ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಡೀಸೆಲ್ ಗಾಡಿ ಇರೋರಿಗೆ ಇದು ಅನ್ವಯಿಸಲ್ಲ. ಡೀಸೆಲ್ ಇಂಜಿನ್‌ನಲ್ಲಿ ಒತ್ತಡದ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತೆ. ಅದಕ್ಕೆ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಕಾಯಿಲ್ಲೂ ಇಲ್ಲ. ಪೆಟ್ರೋಲ್, ಸಿಎನ್‌ಜಿ, ಎಲ್‌ಪಿಜಿ ಗಾಡಿಗಳಿಗೆ ಮಾತ್ರ ಇದು.

12 ವೋಲ್ಟ್ ಹೇಗೆ ಸಾವಿರಾರು ವೋಲ್ಟ್ ಆಗುತ್ತೆ?

ಬ್ಯಾಟರಿ ಕೊಡೋದು 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಒಂದು ಮಿಲಿಮೀಟರ್ ಆಸುಪಾಸಿನ ಸಂದು ಇರುತ್ತೆ. ಒತ್ತಿಟ್ಟ ಪೆಟ್ರೋಲ್-ಗಾಳಿಯ ನಡುವೆ ಆ ಸಂದನ್ನು ಕಿಡಿ ಹಾರಬೇಕಾದರೆ ಸಾವಿರಾರು ವೋಲ್ಟ್ ಬೇಕು. ಇಂದಿನ ಕಾಯಿಲ್‌ಗಳು 20ರಿಂದ 40 ಸಾವಿರ ವೋಲ್ಟ್‌ವರೆಗೂ ಎಬ್ಬಿಸಬಲ್ಲವು.

ಕಾಯಿಲ್ ಅಂದರೆ ಕಬ್ಬಿಣದ ತಿರುಳಿನ ಸುತ್ತ ಎರಡು ತಾಮ್ರದ ಸುರುಳಿ. ಮೊದಲನೆಯದು ದಪ್ಪ ತಂತಿ, ಕೆಲವು ನೂರು ಸುತ್ತು. ಎರಡನೆಯದು ಕೂದಲೆಳೆಯಂಥ ತಂತಿ, ಹತ್ತು ಸಾವಿರಕ್ಕೂ ಮೇಲ್ಪಟ್ಟ ಸುತ್ತು. ಮೊದಲ ಸುರುಳಿಗೆ ಕರೆಂಟ್ ಹರಿಸಿ, ಅದನ್ನು ಥಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತೆ. ಆ ಹೊಡೆತಕ್ಕೆ ಎರಡನೇ ಸುರುಳಿಯಲ್ಲಿ ಭಾರಿ ವೋಲ್ಟೇಜ್ ಹುಟ್ಟುತ್ತೆ. ಇಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 25 ಸಲ ಈ ಕೆಲಸ ನಡೆಯಬೇಕು. ನಿಮಿಷಕ್ಕೆ 1500 ಸಲ. ಇಂಜಿನ್ ತಲೆಯ ಮೇಲೇ ಕೂತು, ಆ ಶಾಖ, ಆ ನಡುಕ ತಿನ್ನುತ್ತಾ ಇಷ್ಟು ದುಡಿಯೋ ಸಾಮಾನು ಒಂದು ದಿನ ಸೋಲೋದರಲ್ಲಿ ಆಶ್ಚರ್ಯ ಇಲ್ಲ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಇಡೀ ಕಾರಿಗೆ ಒಂದೇ ಕಾಯಿಲ್ ಇರ್ತಿತ್ತು. ಬಾನೆಟ್ ಒಳಗೆ ಬೋಲ್ಟ್ ಹಾಕಿ ಕೂರಿಸಿದ ಪುಟ್ಟ ಡಬ್ಬಿ. ಅಲ್ಲಿಂದ ಡಿಸ್ಟ್ರಿಬ್ಯೂಟರ್, ಅಲ್ಲಿಂದ ನಾಲ್ಕು ವೈರು. ಕಿಡಿ ಕಡಿಯೋ ಕೆಲಸ ಪಾಯಿಂಟ್‌ದು. ಇಂಜಿನ್ ಆಫ್ ಮಾಡಿ ಕೀ ಮಾತ್ರ ಆನ್ ಬಿಟ್ಟು ಟೇಪ್ ರೆಕಾರ್ಡರ್ ಕೇಳ್ತಾ ಕೂತರೆ ಕಾಯಿಲ್ ಸುಟ್ಟುಹೋಗುತ್ತಿದ್ದ ಕಾಲ ಅದು. ಪಾಯಿಂಟ್ ಮುಚ್ಚಿಕೊಂಡು ನಿಂತಿದ್ದರೆ ಕರೆಂಟ್ ಸುಮ್ಮನೆ ಹರಿಯುತ್ತಲೇ ಇರ್ತಿತ್ತು. ಅಂದಹಾಗೆ, ಸ್ಪಾರ್ಕ್ ಪ್ಲಗ್ ವಿಷಯಕ್ಕೆ ಬಂದರೆ ಬೆಂಗಳೂರಿಗೇ ಒಂದು ಹಳೇ ನಂಟಿದೆ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮ್ಮ ಆಡುಗೋಡಿಯ ಮೈಕೋ, ದೇಶಕ್ಕೆಲ್ಲ ಪ್ಲಗ್ ಕೊಡ್ತಿತ್ತು. 2008ರಲ್ಲಿ ಅದರ ಹೆಸರು ಬಾಷ್ ಆಯ್ತು. ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಇನ್ನೂ ಅದು 'ಮೈಕೋ ಪ್ಲಗ್' ಅಂತಲೇ.

ಆಮೇಲೆ ಬಂದ ಕೆಲವು ಕಾರುಗಳಲ್ಲಿ ಎರಡು ಸಿಲಿಂಡರಿಗೆ ಒಂದರಂತೆ ಜೋಡಿ ಕಾಯಿಲ್, ಅದರಿಂದ ಪ್ಲಗ್ಗಿಗೆ ರಬ್ಬರ್ ವೈರು. ಈಗಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ವೈರೂ ಇಲ್ಲ. ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೇ ಪೆನ್ನಿನ ಆಕಾರದ ಒಂದೊಂದು ಕಾಯಿಲ್. ಮಾರುತಿಯ ಕೆ-ಸೀರೀಸ್ ಇಂಜಿನ್ ಬಂದ ಮೇಲೆ ನಮ್ಮ ಬೀದಿಗಳಲ್ಲಿ ಹೆಚ್ಚಾಗಿ ಕಾಣೋದು ಇದೇ. ಹುಡುಕೋರಿಗೆ ಇದು ಅನುಕೂಲ. ಕೆಟ್ಟದ್ದು ಯಾವುದು ಅಂತ ಒಂದೊಂದಾಗಿ ಪರೀಕ್ಷೆ ಮಾಡಬಹುದು.

ಕಾಯಿಲ್ ಹೇಳೋ ಲಕ್ಷಣ, ಬೇರೆಯವು ಹೇಳೋ ಲಕ್ಷಣ

ಸೋಲುತ್ತಿರುವ ಕಾಯಿಲ್ ಮೊದಲು ಲೋಡ್ ಬಿದ್ದಾಗ ಕೈ ಕೊಡುತ್ತೆ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ-ಪೆಟ್ರೋಲ್ ತುಂಬುತ್ತೆ, ಒತ್ತಡ ಏರುತ್ತೆ, ಕಿಡಿ ಹಾರೋದು ಕಷ್ಟವಾಗುತ್ತೆ, ಹೆಚ್ಚು ವೋಲ್ಟೇಜ್ ಬೇಕಾಗುತ್ತೆ. ಕಾಯಿಲ್ ಒಳಗಿನ ಇನ್ಸುಲೇಷನ್ ಎಲ್ಲೋ ಬಿರುಕು ಬಿಟ್ಟಿದ್ದರೆ ಕರೆಂಟಿಗೆ ಪ್ಲಗ್ಗಿನ ಸಂದಿಗಿಂತ ಆ ಬಿರುಕೇ ಸುಲಭದ ದಾರಿ. ಅದಕ್ಕೇ ಜಯನಗರದ ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿರೋ ಗಾಡಿ ಸಿರ್ಸಿ ಸರ್ಕಲ್ ಫ್ಲೈಓವರ್ ಹತ್ತುವಾಗ ಮುಗ್ಗರಿಸೋದು.

ಎರಡನೇ ಸುಳಿವು ಬಿಸಿ. ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲೋ, ಕಡಲೆಕಾಯಿ ಪರಿಷೆ ಹೊತ್ತಿನಲ್ಲಿ ದೊಡ್ಡ ಗಣಪತಿ ಗುಡಿ ಸುತ್ತಮುತ್ತಲೋ ಅರ್ಧ ಗಂಟೆ ಫಸ್ಟ್ ಗೇರಿನಲ್ಲಿ ತೆವಳಿ ನೋಡಿ. ಗಾಳಿ ಹರಿಯಲ್ಲ, ಬಾನೆಟ್ ಒಳಗೆ ಬೇಯುತ್ತೆ. ಬಿಸಿಗೆ ಹಿಗ್ಗಿದಾಗ ಒಳಗಿನ ಬಿರುಕು ಬಾಯಿ ಬಿಡುತ್ತೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತೆ. ಗ್ಯಾರೇಜಿಗೆ ತಲುಪೋ ಹೊತ್ತಿಗೆ ಗಾಡಿ ಸರಿಯಾಗಿರುತ್ತೆ, ನಮ್ಮ ಮಾತು ಸುಳ್ಳಾಗುತ್ತೆ. ಇಂಥ ಸಂದರ್ಭದಲ್ಲಿ ತೊಂದರೆ ಆಗುತ್ತಿರುವಾಗಲೇ ಮೊಬೈಲಿನಲ್ಲಿ ಇಂಜಿನ್ ಸದ್ದು, ಮೀಟರ್ ಬೋರ್ಡು ವಿಡಿಯೋ ಮಾಡಿಕೊಂಡು ತೋರಿಸಿ. ಮಾಡೋದು ಪಕ್ಕದಲ್ಲಿ ಕೂತೋರು, ಓಡಿಸೋರಲ್ಲ.

ಇನ್ನು ನಿಂತಾಗ ಸ್ಟೀರಿಂಗ್ ನಡುಗೋದು, ಸೈಲೆನ್ಸರಿನಲ್ಲಿ 'ಫಟ್ ಫಟ್' ಅನ್ನೋ ಲಯ ತಪ್ಪಿದ ಸದ್ದು, ಹಸಿ ಪೆಟ್ರೋಲ್ ವಾಸನೆ, ಮೈಲೇಜ್ ಬೀಳೋದು, ಎಮಿಷನ್ ಟೆಸ್ಟ್‌ನಲ್ಲಿ ಹೈಡ್ರೋಕಾರ್ಬನ್ ಏರೋದು. ಇವೆಲ್ಲ ಉರಿಯದ ಪೆಟ್ರೋಲಿನ ಗುರುತು.

ಆದರೆ ಇವೇ ಲಕ್ಷಣ ಬೇರೆ ಕಡೆಯಿಂದಲೂ ಬರಬಹುದು. ಏರಿನಲ್ಲಿ ಇಂಜಿನ್ ಸದ್ದು, ಆರ್‌ಪಿಎಂ ಎರಡೂ ಏರುತ್ತಾ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಅದು ಕ್ಲಚ್ ಪ್ಲೇಟ್. ಮಿಸ್ಸಿಂಗ್ ಆದರೆ ಆರ್‌ಪಿಎಂ ಏರೋದೇ ಇಲ್ಲ, ಜಗ್ಗುತ್ತೆ. ನಿಂತಾಗ ನಡುಗಿ, ಓಡುವಾಗ ಪಿಕಪ್ ಚೆನ್ನಾಗಿದ್ದರೆ ಇಂಜಿನ್ ಮೌಂಟಿಂಗ್ ನೋಡಿಸಿ. ಜರ್ಕ್ ಇಲ್ಲದೆ, ಉಸಿರು ಕಟ್ಟಿದ ಹಾಗೆ ನಿಧಾನವಾಗಿ ಶಕ್ತಿ ಕುಗ್ಗಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ಆಗ ಪಂಪ್, ಫಿಲ್ಟರ್ ಕಡೆ ಹೋಗಬೇಕು. ನಮ್ಮ ಮನೆ ಕಾರಿಗೆ ಬರುತ್ತಿದ್ದದ್ದು ಲಯಬದ್ಧ ಜರ್ಕ್. ಪಂಪ್ ಬದಲಿಸೋ ಮೊದಲು ಯಾರಾದರೂ ಓಡಿಸಿ ನೋಡಿದ್ದರೆ ಸಾಕಿತ್ತು! ಮೂರು ಸಿಲಿಂಡರಿನ ಕಾರುಗಳು ನಿಂತಾಗ ಸ್ವಲ್ಪ ನಡುಗೋದು ಸಹಜ ಗುಣ, ಅದಕ್ಕೆ ಹೆದರಬೇಡಿ. ಆದರೆ ಅದರಲ್ಲಿ ಒಂದು ಸಿಲಿಂಡರ್ ಹೋದರೆ ಮೂರನೇ ಒಂದು ಭಾಗ ಶಕ್ತಿ ಹೋದ ಹಾಗೆ, ಗೊತ್ತಾಗದೆ ಇರಲ್ಲ.

ದೀಪ ಮಿನುಗಿದರೆ ನಿಲ್ಲಿಸಿ

ಇಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಒಂದೆರಡು ದಿನದಲ್ಲಿ ತೋರಿಸಿದರೂ ನಡೆಯುತ್ತೆ. ಮಿನುಗುತ್ತಿದ್ದರೆ ಹಾಗಲ್ಲ. ಈಗಲೇ, ಈ ಕ್ಷಣದಲ್ಲೇ ಜೋರಾಗಿ ಮಿಸ್‌ಫೈರ್ ಆಗುತ್ತಿದೆ ಅಂತ ಗಾಡಿ ಹೇಳುತ್ತಿದೆ. ಉರಿಯದ ಪೆಟ್ರೋಲ್ ನೇರ ಸೈಲೆನ್ಸರ್ ಕಡೆ ಹೋಗಿ, ಅಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿಕೊಳ್ಳುತ್ತೆ. ಜೇನುಗೂಡಿನಂಥ ಆ ಪಿಂಗಾಣಿ ಕೆಂಪಗೆ ಕಾದು ಕರಗಿಬಿಡಬಹುದು. ಕಾಯಿಲ್ ಒಂದಕ್ಕೆ ಆಗೋ ಖರ್ಚು ಕೆಲವು ಸಾವಿರ. ಕನ್ವರ್ಟರ್ ಹೋದರೆ ಹತ್ತಾರು ಸಾವಿರ. ಕೆಳಗೆ ಒಣಗಿದ ಎಲೆ, ಪೇಪರ್ ಕಸ ಇರೋ ಕಡೆ ನಿಲ್ಲಿಸಿದರೆ ಬೆಂಕಿಯ ಭಯವೂ ಇದೆ. ಮಲ್ಲೇಶ್ವರದ ಮರದ ಸಾಲಿನಲ್ಲಿ ಪಾರ್ಕ್ ಮಾಡೋರು ಇದನ್ನ ನೆನಪಿಟ್ಟುಕೊಳ್ಳಿ.

ಹಾಗಾಗಿ 'ಇನ್ನೊಂದು ಟ್ರಿಪ್ ಹೊಡೆದು ಆಮೇಲೆ ತೋರಿಸೋಣ' ಅನ್ನೋ ಲೆಕ್ಕಾಚಾರ ಇಲ್ಲಿ ನಷ್ಟದ್ದು. ತೀರಾ ಅನಿವಾರ್ಯ ಆದರೆ ಆಕ್ಸಿಲರೇಟರ್ ಮೇಲೆ ಹಗುರ ಕಾಲಿಟ್ಟು ಹತ್ತಿರದ ಗ್ಯಾರೇಜ್‌ವರೆಗೆ ಹೋಗಿ, ಅಷ್ಟೇ.

ಪತ್ತೆ ಮಾಡೋದು ಹೇಗೆ?

ಮೊದಲು ಸ್ಕ್ಯಾನರ್. ಸ್ಟೀರಿಂಗ್ ಕೆಳಗೆ ಡ್ಯಾಶ್‌ಬೋರ್ಡಿನಲ್ಲಿ ಹದಿನಾರು ಪಿನ್ನಿನ ಸಾಕೆಟ್ ಇರುತ್ತೆ. ಗ್ಯಾರೇಜ್‌ನವರು ಅದಕ್ಕೇ ಸ್ಕ್ಯಾನರ್ ಚುಚ್ಚೋದು. ಮೊಬೈಲಿಗೆ ಜೋಡಿಸೋ ಪುಟ್ಟ ಬ್ಲೂಟೂತ್ ಸಾಧನವೂ ಸಿಗುತ್ತೆ, ಎರಡು ಮೂರು ಗಾಡಿ ಇಟ್ಟುಕೊಂಡ ಅಂಗಡಿಯವರಿಗೆ ಅದು ಒಳ್ಳೇ ಖರೀದಿ. ಬರೋ ಕೋಡ್ ಓದೋದು ಕಷ್ಟವಲ್ಲ. ಪಿ 0300 ಅಂದರೆ ಅಲ್ಲಲ್ಲಿ ಮಿಸ್‌ಫೈರ್. ಪಿ 0301 ಅಂದರೆ ಒಂದನೇ ಸಿಲಿಂಡರ್, 0302 ಎರಡನೆಯದು, ಹೀಗೇ ಮುಂದೆ. ಪಿ 0351ರಿಂದ ಶುರುವಾಗೋ ಸಾಲು ಬಂದರೆ ಅದು ಕಾಯಿಲ್ ಸರ್ಕ್ಯೂಟಿನದು. 0352 ಎರಡನೇ ಕಾಯಿಲ್‌ನ ಸರ್ಕ್ಯೂಟು.

ಇಲ್ಲೇ ಎಷ್ಟೋ ಜನ ಎಡವೋದು. 0302 ಬಂದ ಕೂಡಲೇ 'ಎರಡನೇ ಕಾಯಿಲ್ ಹೋಗಿದೆ' ಅಂತ ತೀರ್ಮಾನ. ಕೋಡ್ ಹೇಳಿದ್ದು ಎರಡನೇ ಮನೆಯಲ್ಲಿ ಒಲೆ ಉರಿಯುತ್ತಿಲ್ಲ ಅಂತ ಮಾತ್ರ. ಬೆಂಕಿ ಕಡ್ಡಿ ಇಲ್ಲವೋ, ಸೀಮೆಎಣ್ಣೆ ಇಲ್ಲವೋ, ಒಲೆಯೇ ಒಡೆದಿದೆಯೋ ಅಂತ ಹೇಳಿಲ್ಲ. ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಯಾವುದೂ ಆಗಿರಬಹುದು. 0352 ಬಂದರೂ ಕಾಯಿಲ್ ಬದಲು ಅದಕ್ಕೆ ಹೋಗೋ ವೈರು ಕಡಿದಿರಬಹುದು.

ಅದಕ್ಕೇ ಅದಲು-ಬದಲು. ಇಂಜಿನ್ ತಣ್ಣಗಾಗಲಿ, ಕೀ ತೆಗೆಯಿರಿ. ಎರಡನೇ ಕಾಯಿಲ್ ಬಿಚ್ಚಿ ಒಂದನೇ ಜಾಗಕ್ಕೆ, ಒಂದನೆಯದು ಎರಡನೇ ಜಾಗಕ್ಕೆ ಕೂರಿಸಿ. ಪ್ಲಗ್ ಮುಟ್ಟಬೇಡಿ. ಕೋಡ್ ಅಳಿಸಿ, ತೊಂದರೆ ಬರೋ ರಸ್ತೆಯಲ್ಲೇ ಒಂದು ಸುತ್ತು ಹೋಗಿಬನ್ನಿ. ಈಗ 0301 ಬಂದರೆ ರೋಗ ಕಾಯಿಲ್ ಜೊತೆ ಹೋಯ್ತು, ಅದೇ ಕಳ್ಳ. 0302 ಹಾಗೇ ಉಳಿದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್ ಅದಲು-ಬದಲು ಮಾಡಿ ನೋಡಿ. ಅದಕ್ಕೂ ಜಾಗ ಬದಲಾಗದಿದ್ದರೆ ಇಂಜೆಕ್ಟರ್, ವೈರಿಂಗ್, ಕಂಪ್ರೆಷನ್ ಕಡೆ. ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಬೇಕು. ಕಾಯಿಲ್, ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯ್ತು ಅಂತ ದೇವರಿಗೇ ಗೊತ್ತು.

ಸ್ಕ್ಯಾನರ್ ಇಲ್ಲದಿದ್ದರೆ ಹಳೇ ಉಪಾಯ ಇದೆ. ಒಂದು ಕಾಯಿಲ್‌ನ ಕನೆಕ್ಟರ್ ಕಳಚಿ, ಸ್ಟಾರ್ಟ್ ಮಾಡಿ, ಸದ್ದು ಕೇಳಿ. ಇಂಜಿನ್ ಇನ್ನಷ್ಟು ನಡುಗಿದರೆ ಆ ಸಿಲಿಂಡರ್ ಅಷ್ಟು ಹೊತ್ತು ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಕೆಲಸಕ್ಕೆ ಚಕ್ಕರ್ ಹಾಕಿದವನು ಅವನೇ. ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಓಡಿಸಬೇಡಿ, ಕನ್ವರ್ಟರ್ ಕಥೆ ಮೇಲೆ ಹೇಳಿದ್ದೀನಲ್ಲ. ಕನೆಕ್ಟರ್ ತೆಗೆಯೋದು, ಹಾಕೋದು ಕೀ ಆಫ್ ಆಗಿದ್ದಾಗಲೇ. ಪ್ಲಾಸ್ಟಿಕ್ ಕ್ಲಿಪ್ ಹತ್ತು ವರ್ಷದ ಬಿಸಿಗೆ ಹಪ್ಪಳದ ಹಾಗಾಗಿರುತ್ತೆ, ನಿಧಾನ.

ಇನ್ನೊಂದು ಹಳೇ ಅಭ್ಯಾಸ ಮಾತ್ರ ಈಗ ಬೇಡವೇ ಬೇಡ. ಪ್ಲಗ್ ವೈರು ಕಿತ್ತು, ಇಂಜಿನ್ ಬಾಡಿಗೆ ಹತ್ತಿರ ಹಿಡಿದು ಕಿಡಿ ಹಾರಿಸಿ ನೋಡೋದು. ಪದ್ಮಿನಿಗೆ ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಕಾಯಿಲ್ಲೂ ಹೋಗಬಹುದು, ಇಸಿಎಂ ಕೂಡ ಹೋಗಬಹುದು. ಹತ್ತಿರದಲ್ಲಿ ಪೆಟ್ರೋಲ್ ಆವಿ ಇದ್ದರೆ ಬೆಂಕಿ. ಕೈಗೆ ಹೊಡೆದರೆ ಶಾಕ್ ಸಣ್ಣದಲ್ಲ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಬಾನೆಟ್ ತೆರೆದು ಇಂಜಿನ್ ಓಡುತ್ತಿರುವಾಗ ಬಗ್ಗಿ ನೋಡದೇ ಇರೋದೇ ಲೇಸು.

ಮಲ್ಟಿಮೀಟರ್ ಬಗ್ಗೆ ಕೇಳೋರಿದ್ದಾರೆ. ಎಸ್‌.ಪಿ. ರೋಡಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ, ಮನೆಯಲ್ಲಿ ಇದ್ದರೆ ಒಳ್ಳೇದೇ. ಹಳೇ ತರದ ಕಾಯಿಲ್‌ಗಳಲ್ಲಿ ಮೊದಲ ಸುರುಳಿ ಸಾಮಾನ್ಯವಾಗಿ ಒಂದೆರಡು ಓಮ್ ಒಳಗೆ, ಎರಡನೆಯದು ಆರರಿಂದ ಹದಿನೈದು ಸಾವಿರ ಓಮ್ ನಡುವೆ ತೋರಿಸುತ್ತೆ. ಸರಿಯಾದ ಅಂಕಿ ಆಯಾ ಕಾರಿನ ಪುಸ್ತಕದಲ್ಲಿರುತ್ತೆ. ಆದರೆ ಮೂರು-ನಾಲ್ಕು ಪಿನ್ನಿನ ಹೊಸ ಕಾಯಿಲ್ ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರೋದರಿಂದ ಓಮ್ ಲೆಕ್ಕ ಹೆಚ್ಚು ಕೆಲಸಕ್ಕೆ ಬರಲ್ಲ. ಅಲ್ಲದೆ ಟೇಬಲ್ ಮೇಲೆ ತಣ್ಣಗೆ ಕೂತಾಗ ಸರಿ ತೋರಿಸಿ, ಬಿಸಿಯಾದಾಗ ಕೈ ಕೊಡೋದೇ ಅದರ ಬುದ್ಧಿ. ನನ್ನ ಮಟ್ಟಿಗೆ ಅದಲು-ಬದಲೇ ನಂಬಿಕಸ್ತ.

ಬಿಚ್ಚಿದಾಗ ಕಣ್ಣಿಟ್ಟು ನೋಡಿ. ರಬ್ಬರ್ ಬೂಟ್ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಂತೆ ಸಣ್ಣ ಕಪ್ಪು ಗೀಟು ಕಂಡರೆ ಕರೆಂಟ್ ಅಲ್ಲಿಂದ ಸೋರುತ್ತಿದೆ. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗಿದೆ. ಅದನ್ನ ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದೂ ಅದೇ ಎಣ್ಣೆಯಲ್ಲಿ ನೆನೆದು ಹಾಳಾಗುತ್ತೆ.

ಹಳೇ ಬೆಂಗಳೂರಿನ ಎರಡು ಶತ್ರುಗಳು

ಒಂದು ಇಲಿ. ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳ ಮುಂದೆ, ಹೋಟೆಲ್-ದಿನಸಿ ಅಂಗಡಿ ಇರೋ ಬೀದಿಗಳಲ್ಲಿ ರಾತ್ರಿ ನಿಲ್ಲಿಸೋ ಗಾಡಿಗಳಿಗೆ ಇದು ದೊಡ್ಡ ಕಾಟ. ಬೆಚ್ಚಗಿರೋ ಇಂಜಿನ್ ಮೇಲೆ ಬಂದು ಕೂತು ವೈರು ಕಡಿಯುತ್ತೆ. ರಾತ್ರಿ ಚೆನ್ನಾಗಿದ್ದ ಗಾಡಿ ಬೆಳಗ್ಗೆ ಏಕಾಏಕಿ ಮಿಸ್ಸಿಂಗ್ ಆದರೆ ಕಾಯಿಲ್ ಬಿಟ್ಟು ಮೊದಲು ವೈರಿಂಗ್ ನೋಡಿ, ಹಿಕ್ಕೆ ಬಿದ್ದಿದೆಯಾ ನೋಡಿ.

ಇನ್ನೊಂದು ನೀರು. ಮರದ ಎಲೆ, ಹೂವು ಬಿದ್ದು ವೈಪರ್ ಕೆಳಗಿನ ನೀರು ಹೋಗೋ ತೂತು ಕಟ್ಟಿಕೊಳ್ಳುತ್ತೆ. ಮಳೆ ಬಂದಾಗ ನೀರು ಇಂಜಿನ್ ಮೇಲೆ ಸೋರುತ್ತೆ. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ ಹಿಡಿದು ಇಂಜಿನ್ ತೊಳೆಸಿದ ಮರುದಿನ ಮಿಸ್ಸಿಂಗ್ ಶುರುವಾದರೆ ಕಾಯಿಲ್ ಕೊಳ್ಳೋ ಅವಸರ ಬೇಡ. ಬಿಚ್ಚಿ, ಒರೆಸಿ, ಗಾಳಿ ಹೊಡೆಸಿ ಒಣಗಿಸಿ ನೋಡಿ.

ಸಿಎನ್‌ಜಿ ಹಾಕಿಸಿಕೊಂಡವರಿಗೆ ಇನ್ನೊಂದು ಮಾತು. ಆ ಗ್ಯಾಸ್ ಹೊತ್ತಿಸೋಕೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಕಾಯಿಲ್ ಮೇಲೆ ಭಾರ ಜಾಸ್ತಿ. ಗ್ಯಾಸ್‌ನಲ್ಲಿ ಜರ್ಕ್ ಹೊಡೆದು ಪೆಟ್ರೋಲಿಗೆ ಹಾಕಿದಾಗ ಸರಿಯಾದರೆ ಗ್ಯಾಸ್ ಕಿಟ್ ಬಯ್ಯೋ ಮೊದಲು ಪ್ಲಗ್, ಕಾಯಿಲ್ ನೋಡಿಸಿ. ಸವೆದ ಪ್ಲಗ್ಗಿನ ಸಂದು ಅಗಲವಾದಷ್ಟೂ ಕಾಯಿಲ್ ಹೆಚ್ಚು ಏದುಸಿರು ಬಿಡುತ್ತೆ. ಕಾಯಿಲ್ ಸಾಯೋದಕ್ಕೆ ಎಷ್ಟೋ ಸಲ ಬದಲಿಸದೆ ಬಿಟ್ಟ ಪ್ಲಗ್ಗೇ ಕಾರಣ. ಹಾಗಾಗಿ ಹೊಸ ಕಾಯಿಲ್ ಹಾಕುವಾಗ ಪ್ಲಗ್ಗಿನ ವಯಸ್ಸು ಕೇಳಿ.

ಕೊಳ್ಳೋದು

ಜೆ.ಸಿ. ರೋಡಿನ ಸ್ಪೇರ್ಸ್ ಅಂಗಡಿಗಳಲ್ಲಿ ಜೆನ್ಯೂನ್, ಬೇರೆ ಕಂಪನಿಯದು, ಹೆಸರೇ ಇಲ್ಲದ ಲೋಕಲ್, ಮೂರೂ ಸಿಗುತ್ತೆ. ಹಳೇ ಕಾಯಿಲ್ ಕೈಯಲ್ಲಿ ಹಿಡಿದು ಹೋಗಿ. ಅದರ ಮೇಲಿನ ಪಾರ್ಟ್ ನಂಬರ್, ಪಿನ್ನುಗಳ ಸಂಖ್ಯೆ ಹೊಂದಬೇಕು. ನೋಡೋಕೆ ಒಂದೇ ತರ ಇದ್ದು ಒಳಗೆ ಬೇರೆ ಇರೋದುಂಟು. ತೀರಾ ಅಗ್ಗದ ಕಾಯಿಲ್ ಹಾಕಿ ಆರು ತಿಂಗಳಿಗೆ ಮತ್ತೆ ಬಿಚ್ಚಿಸೋ ಬದಲು ಇಲ್ಲಿ ಸ್ವಲ್ಪ ದುಡ್ಡು ಬಿಚ್ಚೋದು ವಾಸಿ ಅಂತ ನನ್ನ ಅಭಿಪ್ರಾಯ. ಬಿಲ್ ತಗೊಳ್ಳಿ, ಬಾಕ್ಸ್ ಇಟ್ಟುಕೊಳ್ಳಿ.

ಒಂದು ಹೋದರೆ ನಾಲ್ಕೂ ಬದಲಿಸಬೇಕಾ? ಗ್ಯಾರೇಜ್‌ನವರು ಹಾಗೆ ಹೇಳೋದುಂಟು. ಎಲ್ಲವೂ ಒಂದೇ ವಯಸ್ಸಿನವು ಅನ್ನೋದು ನಿಜ. ಆದರೆ ಚೆನ್ನಾಗಿರೋ ಮೂರನ್ನ ಬಿಸಾಕೋದು ನನಗೆ ಸರಿ ಕಾಣಲ್ಲ. ನಾನು ಕೆಟ್ಟದ್ದೊಂದನ್ನೇ ಬದಲಿಸಿದೆ, ಜೊತೆಗೆ ನಾಲ್ಕು ಪ್ಲಗ್. ಒಂದು ಹೆಚ್ಚುವರಿ ಕಾಯಿಲ್ ಕೊಂಡು ಬಟ್ಟೆಯಲ್ಲಿ ಸುತ್ತಿ, ಹತ್ತನೇ ನಂಬರ್ ಸ್ಪ್ಯಾನರ್ ಜೊತೆ ಡಿಕ್ಕಿಯಲ್ಲಿ ಇಟ್ಟಿದ್ದೀನಿ. ದಿನಾ ಲೋಡ್ ಹೊಡೆಯೋ ಗಾಡಿ ಆದರೆ, ಒಂದು ದಿನ ನಿಂತರೂ ವ್ಯಾಪಾರ ಹೋಗುತ್ತೆ ಅನ್ನೋರಿಗೆ ನಾಲ್ಕೂ ಬದಲಿಸೋ ಲೆಕ್ಕ ಹೊಂದಬಹುದು. ಆಗಲೂ ಬಿಚ್ಚಿದ ಒಳ್ಳೆಯ ಮೂರನ್ನ ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಕೇಳಿ ತಗೊಂಡು ಬನ್ನಿ. ಕೆಟ್ಟದ್ದರ ಮೇಲೆ ಮಾತ್ರ ಮಾರ್ಕರ್‌ನಲ್ಲಿ ಒಂದು ಗುಣಿಸು ಚಿಹ್ನೆ ಹಾಕಿಟ್ಟರೆ ಮುಂದೆ ಗಲಿಬಿಲಿ ಆಗಲ್ಲ.